ಶಿವಕಾಂತಕ್ಕನ ರೊಟ್ಟಿ ಮಷೀನು

ಆ ಮಷೀನನ್ನು ಆರಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚೌಡಾಪುರದಲ್ಲಿ ಜನ ಈಗಲೂ ತಪ್ಪನ್ನು ಕಂಪನಿಯ ಮೇಲೆ ಹಾಕುತ್ತಾರೆ, ಇಲ್ಲವೇ ಶಿವಕಾಂತಕ್ಕನ ಹಣೆಬರಹದ ಮೇಲೆ ಹಾಕುತ್ತಾರೆ, ನನ್ನ ಹೆಸರು ಮಾತ್ರ ನನ್ನೆದುರಿಗೆ ಎತ್ತುವುದಿಲ್ಲ. ಗಾಣಗಾಪುರಕ್ಕೆ ಹೋಗುವ ಕ್ರಾಸಿನಲ್ಲಿ ನನ್ನದೊಂದು ಅಂಗಡಿ ಇದೆ. ಝರಾಕ್ಸ್, ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ, ಪರೀಕ್ಷೆಯ ಅರ್ಜಿ, ಎಲ್ಲ ಮಾಡಿಕೊಡುತ್ತೇನೆ. ಬೋರ್ಡಿನ ಮೇಲೆ ‘ಮಸರತ ಆನ್‌ಲೈನ್ ಸೆಂಟರ್’ ಎಂದು ನನ್ನ ಹೆಸರೇ ಇದೆ. ಆ ರಸ್ತೆಯಲ್ಲಿ ಹೆಂಗಸಿನ ಹೆಸರಿನ ಬೋರ್ಡು ಅದೊಂದೇ, ಹಾಗಾಗಿ ನನಗೆ ಸ್ವಲ್ಪ ಸೊಕ್ಕೂ ಇತ್ತು. ಫೋನಿನಲ್ಲಿ ಏನಾದರೂ ತರಿಸಬೇಕೆಂದರೆ ಓಣಿಯವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ನಾನು ನೋಡಿ ತರಿಸಿದ ಸಾಮಾನು ಒಂದೂ ಕೆಟ್ಟಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಶಿವಕಾಂತಕ್ಕ ನಮ್ಮ ಓಣಿಯವಳು. ತವರು ಆಳಂದ ಕಡೆಯ ಕಿಣ್ಣಿ ಸುಲ್ತಾನ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಮೈದುನ ಅರುಣಕುಮಾರನ ಮನೆಯಲ್ಲಿ ಅವಳಿಗೊಂದು ಕೋಣೆ, ಆ ಕೋಣೆಯಲ್ಲಿ ಅವಳದೇ ಒಂದು ಒಲೆ. ಆ ಒಲೆಯೇ ಅವಳ ಮಾನ. ಮೈದುನ ಕೆಟ್ಟವನಲ್ಲ, ಅವನ ಹೆಂಡತಿ ಬಸವೇಶ್ವರಿಯಂತೂ ಬಾಯಿ ತುಂಬ ಅಕ್ಕಾ ಎನ್ನುವವಳು. ಆದರೂ ಗಂಡ ಹೋದ ಮೂರನೇ ತಿಂಗಳಿಗೇ ಶಿವಕಾಂತಕ್ಕ ಬೇರೆ ಒಲೆ ಹೂಡಿದಳು. ಒಮ್ಮೆ ಕಾರಣ ಕೇಳಿದ್ದೆ.

“ಕೈ ಚಾಚಿ ಉಣ್ಣೂದು ನನಗ ಬರಂಗಿಲ್ಲ ಬೇ,” ಎಂದಿದ್ದಳು. “ಹಸಿವ್ಯಾದಾಗ ಉಣ್ಣಬೇಕು. ಅವರು ಕರದಾಗ ಅಲ್ಲ.”

ಒಲೆ ಉರಿಯಲು ಅವಳು ಹಿಡಿದ ದಾರಿ ರೊಟ್ಟಿ. ಗಾಣಗಾಪುರದಲ್ಲಿ ದೌಲತರಾಯ ಎಂಬುವವರ ಖಾನಾವಳಿ ಇದೆ. ದತ್ತನ ದರ್ಶನಕ್ಕೆ ಬಂದವರು, ಹೆಚ್ಚಿನವರು ಮಹಾರಾಷ್ಟ್ರದವರು, ಅಲ್ಲಿ ಉಣ್ಣುತ್ತಾರೆ, ಹೋಗುವಾಗ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. ಆ ರೊಟ್ಟಿ ನಮ್ಮ ಶಿವಕಾಂತಕ್ಕನದು. ದಿನಕ್ಕೆ ಇನ್ನೂರು ಬಡಿಯುತ್ತಿದ್ದಳು. ಅವಳು ಬಡಿದ ರೊಟ್ಟಿಯನ್ನು ಕಿಟಕಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಈದಿಗೆ ಬಿರಿಯಾನಿ ಮಾಡಿದರೂ ನನ್ನ ಅಬ್ಬಾ ಪಕ್ಕಕ್ಕೆ ಅವಳದೊಂದು ರೊಟ್ಟಿ ಇಟ್ಟುಕೊಳ್ಳುವವರು.

ಹೋದ ಮಳೆಗಾಲದಲ್ಲಿ ಅವಳ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಮೊದಲು ಎಣ್ಣೆ ತಿಕ್ಕಿದಳು, ಆಮೇಲೆ ಬಟ್ಟೆ ಸುತ್ತಿಕೊಂಡು ಬಡಿದಳು, ಆಮೇಲೆ ಬೆರಳು ಜುಮುಗುಟ್ಟಿ ಲೋಟ ಕೈಯಿಂದ ಜಾರತೊಡಗಿತು. ಅಫಜಲಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ನಾನೇ. ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದಿದ್ದರೆ ಬೆರಳಿನ ಶಕ್ತಿಯೇ ಹೋಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಇದರ ಮೇಲೆ ದೌಲತರಾಯರು ಬಂದರು. ದತ್ತ ಜಯಂತಿ ಬರುತ್ತಿದೆ, ಆ ವಾರ ದಿನಕ್ಕೆ ಆರು ನೂರು ರೊಟ್ಟಿ ಬೇಕು, ಆಗುವುದಿಲ್ಲವಾದರೆ ಜೇವರ್ಗಿಯಲ್ಲಿ ಮಷೀನಿನ ಮೇಲೆ ಮಾಡುವವರಿದ್ದಾರೆ, ವರ್ಷದ ಆರ್ಡರನ್ನೇ ಅವರಿಗೆ ಒಪ್ಪಿಸಬೇಕಾಗುತ್ತದೆ ಎಂದರು. ಮಾತಿನಲ್ಲಿ ಗಡಸಿರಲಿಲ್ಲ. ವ್ಯಾಪಾರಸ್ಥರು ಅಷ್ಟು ಹೇಳುವುದೂ ದೊಡ್ಡದು. ಆಳು ಹಚ್ಚೋಣವೆಂದರೆ ಹತ್ತಿ ಬಿಡಿಸುವ ಕಾಲ, ಓಣಿಯ ಹೆಂಗಸರೆಲ್ಲ ಬೆಳಗಾದರೆ ಹೊಲದಲ್ಲಿ. ಮರುದಿನ ಶಿವಕಾಂತಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

“ಮಸರತ, ಫೋನಿನಾಗ ರೊಟ್ಟಿ ಮಷೀನು ಬರತಾವಂತ. ಖರೇನ?”

“ಬರ್ತಾವ್ರಿ ಅಕ್ಕಾ. ಈಗ ಸೇಲ್ ಬ್ಯಾರೆ ನಡದದ,” ಎಂದೆ ನಾನು, ಅದೇನು ಮಹಾ ಎಂಬಂತೆ.

ಸಿಕ್ಕಿತು. ಚಿತ್ರದಲ್ಲಿ ಒಬ್ಬ ಹೆಂಗಸು ನಗುತ್ತ ನಿಂತಿದ್ದಾಳೆ, ಅವಳ ಮುಂದೆ ಬಿಳಿ ಮಷೀನು, ಅದರಿಂದ ಹಿಟ್ಟು ನಾದುವ ಪರಾತದಷ್ಟು ಅಗಲದ ರೊಟ್ಟಿ ಹೊರಗೆ ಬರುತ್ತಿದೆ. ಜೋಳ, ಸಜ್ಜೆ, ಗೋಧಿ, ಎಲ್ಲ ಹಿಟ್ಟಿಗೂ ನಡೆಯುತ್ತದೆ ಎಂದು ಬರೆದಿತ್ತು. ಹದಿನೆಂಟು ಸಾವಿರವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಪಕ್ಕದಲ್ಲಿ ಆರು ಸಾವಿರದ ಎಂಟು ನೂರು ಎಂದಿತ್ತು. ಕೆಳಗೆ ಗಡಿಯಾರವೊಂದು ಓಡುತ್ತಿತ್ತು, ಈ ಬೆಲೆ ಇನ್ನು ಹದಿನೇಳು ನಿಮಿಷ ಮಾತ್ರ. ಆ ಗಡಿಯಾರವೇ ನನ್ನ ತಲೆ ಕೆಡಿಸಿದ್ದು. ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಮೇಲಿನ ಎರಡನ್ನು ಓದಿದೆ, ಎರಡೂ ಹೊಗಳಿಕೆ. ಕೆಳಗೆ ಸರಿಸಿ ನೋಡಲಿಲ್ಲ. ಜೇವರ್ಗಿಯವರ ಮಷೀನು ಲಕ್ಷದ ಮೇಲಿನದು ಎಂದು ನನಗೆ ಗೊತ್ತಿತ್ತು. ಇದು ಏಳು ಸಾವಿರದ ಒಳಗೆ ಹೇಗೆ ಬರುತ್ತದೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆ ಹದಿನೇಳು ನಿಮಿಷದಲ್ಲಿ ನನಗೆ ಬರಲಿಲ್ಲ. ಶಿವಕಾಂತಕ್ಕನ ಹೆಸರು, ವಿಳಾಸ ಹಾಕಿ, ಅವಳದೇ ರೊಕ್ಕ ಕಟ್ಟಿ ಗುಂಡಿ ಒತ್ತಿದೆ. ಅವಳು ಅವತ್ತೇ ದೌಲತರಾಯರಿಗೆ ಫೋನು ಮಾಡಿಸಿ, ಆರು ನೂರೂ ನಾನೇ ಕೊಡುತ್ತೇನೆ ಎಂದು ಮಾತು ಕೊಟ್ಟಳು.

ಡಬ್ಬಿ ಬಂದದ್ದು ಬುಧವಾರ. ನೋಡಲು ದೊಡ್ಡದೇ ಇತ್ತು. ನಾನು ಕತ್ತರಿ ಹಿಡಿದುಕೊಂಡು ಓಡಿದೆ. ಶಿವಕಾಂತಕ್ಕ ಡಬ್ಬಿಯ ಮೇಲೆ ಕೈ ಇಟ್ಟು ತಡೆದಳು.

“ನಾಡದು ಅಮಾಸಿ ಅದ. ಅಮಾಸಿ ಮುಂದ ಹೊಸಾದು ಬಿಚ್ಚಬಾರದು. ಸೋಮವಾರ ಬಿಚ್ಚೂಣು.”

ವಾಪಸು ಕೊಡಲು ಏಳೇ ದಿನ ಇರುತ್ತದೆ ಎಂದು ಹೇಳಿದೆ. ಒಳ್ಳೆಯ ಸಾಮಾನನ್ನು ಯಾಕೆ ವಾಪಸು ಕೊಡುವುದು ಎಂದು ಕೇಳಿದಳು. ದಿನ ಒಳ್ಳೆಯದು ಕೆಟ್ಟದ್ದು ಎಂದು ನೋಡಬೇಡಿ ಎಂದ ಬಸವಣ್ಣನ ಫೋಟೋ ಅವಳ ಒಲೆಯ ಮೇಲಿನ ಗೋಡೆಯಲ್ಲೇ ಇದೆ. ಅದನ್ನು ತೋರಿಸಿ ಚೇಷ್ಟೆ ಮಾಡಿದೆ.

“ಅವರು ದೊಡ್ಡವರು ಬೇ, ಅವರಿಗಿ ನಡೀತದ,” ಎಂದಳು. “ನನಗ ಇದು ಒಂದೇ ಅದ. ಕೆಟ್ಟರ ಇನ್ನೊಂದು ಎಲ್ಲಿಂದ ತರಲಿ.”

ಹೀಗಂದ ಮೇಲೆ ನಾನು ಕತ್ತರಿಯನ್ನು ವಾಪಸು ಒಯ್ದೆ.

ಸೋಮವಾರ ಬೆಳಗ್ಗೆ ಕೋಣೆಯನ್ನು ಸಾರಿಸಿ, ರಂಗೋಲಿ ಹಾಕಿ, ಮಣೆ ಇಟ್ಟಿದ್ದಳು. ಮೈದುನ, ಬಸವೇಶ್ವರಿ, ನಾನು, ಅಷ್ಟೇ ಜನ. ನಾನು ಶಾಣ್ಯಾತನ ಮಾಡಿದೆ. ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಬೇಕು, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಅದೇ ಪುರಾವೆ ಎಂದು ಎಲ್ಲೋ ಓದಿದ್ದೆ. ಫೋನು ಹಿಡಿದು ನಿಂತೆ. ಡಬ್ಬಿಯಿಂದ ಮಷೀನು ಹೊರಗೆ ಬಂತು. ಚಿತ್ರದಲ್ಲಿದ್ದಂತೆ ಬಿಳಿಯದೇ, ಆದರೆ ಅದರ ಅರ್ಧದಷ್ಟಿತ್ತು. ಪೂಜೆಯ ನಡುವೆ ಅಪಶಕುನದ ಮಾತಾಡುವವಳು ನಾನಾಗಬಾರದೆಂದು ಸುಮ್ಮನಿದ್ದೆ. ಶಿವಕಾಂತಕ್ಕ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಮಷೀನಿನ ಮುಂದಿನ ಮೈಗೆ ಎಳೆದಳು. ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಳು. ಅರುಣಕುಮಾರ ಸ್ವಿಚ್ ಹಾಕಿದ, ಕೆಂಪು ದೀಪ ಹೊತ್ತಿತು, ಎಲ್ಲರೂ ಕೈಮುಗಿದರು. ಕಾಯಿ ಒಡೆದು ಅದರ ನೀರನ್ನು ನಾಲ್ಕು ಹನಿ ಮಷೀನಿಗೂ ಚಿಮುಕಿಸಿದಳು. ಹೊಸ ಟ್ರ್ಯಾಕ್ಟರಿಗೆ, ಹೊಲಿಗೆ ಮಷೀನಿಗೆ, ಹಿಟ್ಟಿನ ಗಿರಣಿಗೆ ನಮ್ಮ ಕಡೆ ಹೀಗೇ ಮಾಡುತ್ತಾರೆ. ನಾನು ಅಷ್ಟೂ ವಿಡಿಯೋ ಮಾಡಿದೆ. ಅವಳ ಮುಖವನ್ನು ಹತ್ತಿರದಿಂದ ಹಿಡಿದೆ. ಆ ಮುಖವನ್ನು ಈಗ ನೋಡಲು ನನ್ನಿಂದಾಗುವುದಿಲ್ಲ.

ಆಮೇಲೆ ಜೋಳದ ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದಳು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಮುಚ್ಚಳ ತೆಗೆದರೆ ಅರ್ಧ ಹಿಟ್ಟು ಮೇಲೆ, ಅರ್ಧ ಕೆಳಗೆ, ಅಂಚೆಲ್ಲ ಬಿರಿದಿತ್ತು. ಅಗಲವೂ ಅಂಗೈಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡನೆಯದೂ ಹಾಗೇ ಆಯಿತು. ಮೂರನೆಯದು ಒತ್ತುವಾಗ ಒಳಗಿನಿಂದ ವೈರು ಸುಟ್ಟ ವಾಸನೆ ಬಂತು, ಕೆಂಪು ದೀಪ ಆರಿತು, ಮತ್ತೆ ಹೊತ್ತಲಿಲ್ಲ. ಬಸವೇಶ್ವರಿ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು.

“ಹೆದರಬ್ಯಾಡ್ರಿ ಅಕ್ಕಾ,” ಎಂದೆ. “ಇನ್ನೂ ಎರಡ ದಿನ ಅದ. ವಾಪಸ್ ಕೊಡೂಣು. ರೊಕ್ಕ ಬಂದೇ ಬರತದ, ಕಾಯ್ದೆ ಅದ.”

ಕಾಯ್ದೆ ಇದ್ದದ್ದು ಸುಳ್ಳಲ್ಲ. ಅಂಗಡಿಗೆ ಬಂದು ಹುಡುಕಿ ಓದಿದೆ. ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದಾದರೆ, ಇಲ್ಲವೇ ಸಾಮಾನಿನಲ್ಲಿ ದೋಷವಿದ್ದರೆ, ಮಾರಿದವನು ವಾಪಸು ಪಡೆಯಲು ಒಲ್ಲೆ ಎನ್ನುವಂತಿಲ್ಲ. ಪ್ರಿಂಟ್ ತೆಗೆದು ಕೆಂಪು ಗೆರೆ ಎಳೆದು ಇಟ್ಟುಕೊಂಡೆ. ಅವತ್ತೇ ವಾಪಸಿನ ಅರ್ಜಿ ಹಾಕಿದೆ. ಗುರುವಾರ ಬಂದು ಒಯ್ಯುತ್ತಾರೆ ಎಂದು ಸಂದೇಶ ಬಂತು. ಶಿವಕಾಂತಕ್ಕ ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿದಳು. ವಿಭೂತಿ ಹೋಯಿತು. ಎಣ್ಣೆಯಲ್ಲಿ ಕಲಸಿದ ಕುಂಕುಮ ಬಿಳಿ ಪ್ಲಾಸ್ಟಿಕ್ಕಿಗೆ ಇಳಿದು ಕೂತಿತ್ತು. ಸೋಪು ಹಚ್ಚಿದಷ್ಟೂ ಅದು ಗುಲಾಬಿ ಬಣ್ಣಕ್ಕೆ ಹರಡಿತು.

ಒಯ್ಯಲು ಬಂದವನು ಅಫಜಲಪುರದ ಸಿದ್ದಲಿಂಗ, ನಲವತ್ತರ ಹತ್ತಿರದವನು, ಹಣೆಯ ಮೇಲೆ ನಮ್ಮ ಶಿವಕಾಂತಕ್ಕನಂತೆಯೇ ಮೂರು ಗೆರೆ ವಿಭೂತಿ. ನನಗೆ ಧೈರ್ಯ ಬಂತು. ಅವನು ಮಷೀನನ್ನು ತಿರುಗಿಸಿ ನೋಡಿ, ಕುಂಕುಮದ ಕಲೆಯ ಮೇಲೆ ಹೆಬ್ಬೆರಳು ಆಡಿಸಿ, ಫೋನಿನಲ್ಲಿ ಫೋಟೋ ಹೊಡೆದ.

“ಇದು ನಡ್ಯಂಗಿಲ್ರಿ ಅಕ್ಕಾರ. ಕಲಿ ಅದ ಏನು ಅಂತ ಕೇಳತದ ಇದ್ರಾಗ. ಹೌದು ಅಂತ ಒತ್ತಬೇಕು. ಒತ್ತಿದ ಕೂಡ್ಲೆ ಬ್ಯಾಡ ಅಂತದ.”

“ಇಲ್ಲ ಅಂತ ಒತ್ರಿ,” ಎಂದೆ ನಾನು.

“ಗೋಡೌನಿನಾಗ ಬಿಚ್ಚಿ ನೋಡ್ತಾರ. ನನ್ನ ಪಗಾರದಾಗ ಮುರೀತಾರ.”

“ಇದು ಪೂಜಾ ಮಾಡಿದ್ದು ಯಪ್ಪಾ,” ಎಂದಳು ಶಿವಕಾಂತಕ್ಕ. “ಹೊಲಸಲ್ಲ. ನಿನ್ನ ಹಣಿ ಮ್ಯಾಲಿದ್ದದ್ದೇ ಅದ.”

ಅವನು ತಲೆ ತಗ್ಗಿಸಿ ನಿಂತ. “ನನಗ ತಿಳೀತದ್ರಿ ಅವ್ವಾರ. ಫೋನಿಗಿ ತಿಳ್ಯಂಗಿಲ್ಲ,” ಎಂದ. ಕೊಟ್ಟ ನೀರು ಕುಡಿದು ಬರಿಗೈಲಿ ಹೋದ. ಅವನನ್ನು ಬೈಯಬೇಕೆಂದು ಎಷ್ಟು ಅನಿಸಿತೋ ಅಷ್ಟೇ ಅವನ ಮೇಲೆ ಕನಿಕರವೂ ಬಂತು.

ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಆಪ್ ನಡೆಸುವ ಕಂಪನಿಗೆ ಉದ್ದ ಪತ್ರ ಬರೆದು, ಆ ಕಾಯ್ದೆಯ ಸಾಲುಗಳನ್ನು ಹಾಕಿ, ಜೊತೆಗೆ ಬಿಚ್ಚಿದ ದಿನದ ವಿಡಿಯೋ ಕಳಿಸಿದೆ. ಮೂರನೇ ದಿನಕ್ಕೆ ಉತ್ತರ ಬಂತು. ಗ್ರಾಹಕರೇ ಕಳಿಸಿದ ವಿಡಿಯೋದಲ್ಲಿ ವಸ್ತು ಸುಸ್ಥಿತಿಯಲ್ಲಿ ತಲುಪಿರುವುದೂ ಅದರ ದೀಪ ಹೊತ್ತಿರುವುದೂ ಸ್ಪಷ್ಟವಾಗಿದೆ. ಅನಂತರ ಗ್ರಾಹಕರು ವಸ್ತುವಿಗೆ ಪುಡಿ ಮತ್ತು ದ್ರವವನ್ನು ಹಚ್ಚಿದ್ದಾರೆ. ಆದ್ದರಿಂದ ಹಣ ವಾಪಸು ಸಾಧ್ಯವಿಲ್ಲ, ಅನನುಕೂಲಕ್ಕೆ ವಿಷಾದಿಸುತ್ತೇವೆ.

ಅದನ್ನು ಎರಡು ಸಲ ಓದಿದೆ. ನನ್ನ ಕೈಯಾರೆ ನಾನೇ ಪುರಾವೆ ಕೊಟ್ಟಿದ್ದೆ, ಅವರ ಪರವಾಗಿ. ಹಿಟ್ಟು ಬಿರಿದದ್ದು, ವಾಸನೆ ಬಂದದ್ದು, ದೀಪ ಆರಿದ್ದು ಯಾವುದೂ ವಿಡಿಯೋದಲ್ಲಿ ಇರಲಿಲ್ಲ. ಪೂಜೆ ಮುಗಿದ ಕೂಡಲೇ ಫೋನು ಕೆಳಗಿಟ್ಟಿದ್ದೆ. ಪುಡಿ ಮತ್ತು ದ್ರವ ಎಂಬ ಮಾತನ್ನು ಶಿವಕಾಂತಕ್ಕನಿಗೆ ಓದಿ ಹೇಳಲು ನನಗೆ ನಾಲಗೆ ಹೊರಳಲಿಲ್ಲ. ಇನ್ನೂ ನೋಡುತ್ತಿದ್ದಾರಂತೆ ಎಂದು ಸುಳ್ಳು ಹೇಳಿದೆ.

ಅಷ್ಟರಲ್ಲಿ ದತ್ತ ಜಯಂತಿಯ ವಾರ ಬಂದುಬಿಟ್ಟಿತ್ತು. ಅವಳು ಮಷೀನನ್ನು ಮೂಲೆಗೆ ಸರಿಸಿ, ಹಂಚು ಇಟ್ಟು, ಕುದಿಯುವ ನೀರಿನಲ್ಲಿ ಹಿಟ್ಟು ನಾದಲು ಕೂತಳು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ದೌಲತರಾಯರಿಗೆ ಆಗುವುದಿಲ್ಲವೆಂದು ಹೇಳಿಬಿಡಿ ಎಂದು ಗೋಗರೆದೆ, ಜಗಳವನ್ನೇ ಆಡಿದೆ.

“ಮಾತು ಕೊಟ್ಟೇನಿ,” ಎಂದಳು. “ಈ ವಾರ ದಾಟಿದ್ರ ವರ್ಷದ ಆರ್ಡರ್ ಉಳೀತದ. ಅಷ್ಟ್ರಾಗ ಆ ರೊಕ್ಕ ಬರತದ, ಬ್ಯಾರೆ ಮಷೀನು ತರೂಣು. ನೀನೇ ಅಂದೀಯಲ್ಲ, ಕಾಯ್ದೆ ಅದ ಅಂತ.”

ಅವಳು ನಂಬಿ ಕೂತದ್ದು ನನ್ನ ಸುಳ್ಳನ್ನು. ಅವತ್ತೇ ನಿಜ ಹೇಳಿದ್ದರೆ ಅವಳು ಎದ್ದುಬಿಡುತ್ತಿದ್ದಳೋ ಏನೋ. ಹೇಳಲಿಲ್ಲ. ಅಂಗಡಿಗೆ ಬೀಗ ಹಾಕಿ ನಾನೂ ಅವಳ ಪಕ್ಕ ಕೂತೆ. ನಾನು ಬಡಿದವು ದಪ್ಪಗಾದವು, ಸೊಟ್ಟಗಾದವು, ಖಾನಾವಳಿಗೆ ಕಳಿಸುವಂಥವಲ್ಲ. ಬೇಯಿಸಿ ಒಣಗಿಸಲು ಮಾತ್ರ ಉಪಯೋಗಕ್ಕೆ ಬಂದೆ. ಬಸವೇಶ್ವರಿ ಹೊಲದಿಂದ ಬಂದು ಹಿಟ್ಟು ನಾದಿಕೊಟ್ಟಳು. ಬಡಿಯುವ ಕೈ ಒಂದೇ. ಮೊದಲ ದಿನ ಐದು ನೂರಾಯಿತು. ಎರಡನೇ ದಿನ ನಾಲ್ಕು ನೂರು. ಮೂರನೇ ದಿನ ಅವಳು ಅಂಗೈ ಬಿಟ್ಟು ಮುಂಗೈ ಬಲದಿಂದ ಬಡಿಯತೊಡಗಿದಳು, ತುಟಿ ಕಚ್ಚಿಕೊಂಡು, ಬಟ್ಟೆಯ ಪಟ್ಟಿ ಬೆವರಿಗೆ ಒದ್ದೆಯಾಗಿತ್ತು. ನಾಲ್ಕನೇ ದಿನ ಮಧ್ಯಾಹ್ನ ರೊಟ್ಟಿಯನ್ನು ಹಂಚಿಗೆ ಹಾಕಲು ಎತ್ತಿದವಳು ಎತ್ತಿದ ಹಾಗೇ ಬಿಟ್ಟಳು. ಹಸಿ ರೊಟ್ಟಿ ಅವಳ ಕಾಲ ಮೇಲೆ ಬಿತ್ತು. ಬೆರಳು ಬಿಡಿಸಲು ನೋಡಿದಳು, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಅವಳ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತು ಆ ಕೈಯನ್ನು ಬೇರೆಯವರದು ಎಂಬಂತೆ ನೋಡುತ್ತ ಕೂತಳು.

ದೌಲತರಾಯರು ಸ್ವತಃ ಬಂದರು. ಕೈ ನೋಡಿದರು, ಬೈಯಲಿಲ್ಲ. “ನೀವು ಆರಾಮ ಮಾಡ್ರಿ ಅಕ್ಕಾರ. ನಾ ಜೇವರ್ಗಿಯಿಂದ ತರಸ್ತೇನಿ,” ಎಂದರು. ಈ ವಾರದ ಮಟ್ಟಿಗೋ ವರ್ಷಕ್ಕೋ ಎಂದು ಅವರು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಒಂದು ಕ್ಷಣ ನಿಂತರು, ಅಷ್ಟರಿಂದಲೇ ವರ್ಷಕ್ಕೇ ಎಂದು ನಮಗೆ ತಿಳಿಯಿತು.

ನಾನು ಬಿಡಲಿಲ್ಲ, ಬಿಡಲು ನನಗೆ ಮುಖವಿರಲಿಲ್ಲ. ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಕೇಳಿ, ದೂರು ಬರೆದುಕೊಂಡು ಕಂಪನಿಗೆ ಕಳಿಸಿದರು. ಕಂಪನಿ ಅವರಿಗೂ ಅದೇ ಪುಡಿ ಮತ್ತು ದ್ರವದ ಉತ್ತರ ಕೊಟ್ಟಿತು. ಮಾರಿದವನನ್ನು ಹುಡುಕಿದರೆ ಅವನ ಅಂಗಡಿ ಈಗ ನಮ್ಮ ಆಪಿನಲ್ಲಿಲ್ಲ ಎಂದಿತು. ಕಲಬುರಗಿಯ ಗ್ರಾಹಕರ ಆಯೋಗಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಪ್ರಿಂಟ್ ಮೇಲಿನ ನನ್ನ ಕೆಂಪು ಗೆರೆ ನೋಡಿ ಸರಿಯಾಗಿದೆ ಎಂದರು. ಇಷ್ಟು ಸಣ್ಣ ಮೊತ್ತಕ್ಕೆ ಫೀ ಇಲ್ಲ, ವಕೀಲರೇ ಬೇಕೆಂದೂ ಇಲ್ಲ, ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡ ಮಷೀನಾದ್ದರಿಂದ ಆಕೆ ಗ್ರಾಹಕಳೇ ಎಂದರು. ಎಷ್ಟು ದಿನವಾಗುತ್ತದೆ ಎಂದು ಕೇಳಿದೆ.

“ನೋಟಿಸು ಹೋಗಬೇಕ್ರಿ, ಅವರು ಬರಬೇಕು. ವರ್ಷ ಅಂತ ತಿಳ್ಕೋರಿ. ಹೆಚ್ಚೂ ಆಗಬಹುದು.”

ನ್ಯಾಯ ನಮ್ಮ ಕಡೆಗಿತ್ತು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ವರ್ಷದ ಮೇಲೆ ಆರು ಸಾವಿರದ ಎಂಟು ನೂರು ಬಂದರೂ ಅದನ್ನು ಹಿಡಿದುಕೊಂಡು ಅವಳು ಏನು ಮಾಡಬೇಕು ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಆಪರೇಷನ್ ಮಾಡಿದರೂ ಹೋದ ಶಕ್ತಿ ಪೂರಾ ಬರುವುದಿಲ್ಲ ಎಂದು, ಕೈ ಬಿದ್ದ ಮೇಲೆ ಮತ್ತೆ ತೋರಿಸಿದಾಗ, ಡಾಕ್ಟರು ಹೇಳಿದ್ದರು.

ಅರ್ಜಿ, ಪ್ರಮಾಣಪತ್ರ ಎಲ್ಲ ಟೈಪು ಮಾಡಿಕೊಂಡು ಮೊನ್ನೆ ಅವಳ ಮನೆಗೆ ಹೋದೆ. ಕೋಣೆಯಲ್ಲಿ ಇರಲಿಲ್ಲ. ಒಲೆ ತಣ್ಣಗಿತ್ತು, ಅದರ ಮೇಲೆ ಯಾರೋ ಒಗೆದ ಬಟ್ಟೆಗಳನ್ನು ಮಡಚಿ ಇಟ್ಟಿದ್ದರು. ಅವಳು ಒಳಗೆ ಮೈದುನನ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದಳು. ಮಧ್ಯಾಹ್ನ ಎರಡೂವರೆ ಆಗಿತ್ತು.

“ಉಂಡ್ರಿ ಅಕ್ಕಾ?”

“ಇಲ್ಲ ಬೇ. ಬಸವೇಶ್ವರಿ ಹೊಲದಿಂದ ಬರಬೇಕು. ಬಂದು ಹಾಕ್ತಾಳ.”

ಬಸವೇಶ್ವರಿ ಒಳ್ಳೆಯವಳು, ಬಿಸಿಯಾಗಿಯೇ ಹಾಕುತ್ತಾಳೆ. ಪಕ್ಕದಲ್ಲಿ ಕೂತು ಕಂಪನಿಯ ಉತ್ತರವನ್ನು ಕೊನೆಗೂ ಓದಿ ಹೇಳಿದೆ, ಅದು ಯಾವ ದಿನ ಬಂದಿತ್ತು ಎಂಬುದನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರ ನಾ ಬಡ್ಯಾಕತ್ತಾಗ ಅದು ಬಂದಿತ್ತು,” ಎಂದಳು, ಅಷ್ಟೇ. ಆಮೇಲೆ ಕಾಗದ ಕೊಡು ಎಂದು ಕೈ ಚಾಚಿದಳು.

ಪೆನ್ನು ಕೊಟ್ಟೆ. ಬಲಗೈಯಲ್ಲಿ ಹಿಡಿದಳು, ಜಾರಿತು. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಪೆನ್ನಿಗೆ ಮಡಚಿ ಹಿಡಿಸಿದಳು. ಶಿ ಎಂಬ ಅಕ್ಷರದ ಅರ್ಧಕ್ಕೆ ಬಂದಾಗ ಪೆನ್ನು ಕಾಗದದ ಮೇಲೆ ಅಡ್ಡಬಿತ್ತು. ಇನ್ನೊಂದು ಪ್ರತಿ ತೆಗೆದೆ. ಅದರಲ್ಲೂ ಆಗಲಿಲ್ಲ. ಮೂರನೇ ಪ್ರತಿಯ ಹೊತ್ತಿಗೆ ನಾನು ಚೀಲದಿಂದ ಶಾಯಿಯ ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. ಅವಳು ಅದನ್ನು ತುಂಬ ಹೊತ್ತು ನೋಡಿದಳು. ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದಳು.

“ಈಕಿಗಿ ಸಹಿ ಬರತದ ಅಂತ ಕೆಳಗ ಬರಿ,” ಎಂದಳು. “ಏಳನೇತ್ತ ತನ ಕಲತೇನಿ ನಾ.”

ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಸಣ್ಣದಾಗಿ ಬರೆದು ಅವಳಿಗೆ ತೋರಿಸಿದೆ. ಓದಿ ತಲೆ ಆಡಿಸಿದಳು. ಅದರ ಕೆಳಗೆ ಸಾಕ್ಷಿ ಎಂದಿದ್ದ ಕಡೆ ನಾನು ನನ್ನ ಸಹಿ ಹಾಕಿದೆ.